ಮನೆಬಾಗಿಲಿಗೆ ಬರುವ ನೋಟರಿ ಹೆಲ್ವಿ

ಬ್ಯಾಂಕಿನವರು ನಮ್ಮೂರಿನ ಶಾಖೆ ಮುಚ್ಚಿದ ದಿನ ನಾನು ಅತ್ತುಬಿಟ್ಟೆ, ಹೆಲ್ವಿ ಮಟ್ಟಿಲಾ ಅಳಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಕೌಂಟರಿನಲ್ಲಿ ಕೂತು ಸಹಿ ಮಾಡುವವರ ಗುರುತು, ಇಚ್ಛೆ ಕೇಳಿ ಖಾತ್ರಿ ಮಾಡಿಕೊಂಡು ಊರಿನವರ ಕಾಗದಪತ್ರಗಳಿಗೆ ನೋಟರಿ ಮುದ್ರೆ ಒತ್ತಿದವಳು ಅವಳು.

"ಒಂದು ಸಹಿಗೆ ಜನ ಇನ್ನು ಅರವತ್ತು ಮೈಲಿ ಹೋಗಬೇಕಾ? ನಾನೇ ಅವರ ಮನೆಗೆ ಹೋಗ್ತೀನಿ ಬಿಡು," ಅಂದಳು. ತಿಂಗಳೊಪ್ಪತ್ತಿನಲ್ಲಿ ತನ್ನ ಹಳೆಯ ಕಾರಿನ ಬಾಗಿಲಿಗೆ ಹೆಸರು, ಫೋನ್ ನಂಬರು ಬರೆಸಿಯೇಬಿಟ್ಟಳು.

ಮೊದಲ ಚಳಿಗಾಲ ಯಾರೂ ಕರೆಯಲಿಲ್ಲ. "ಮುದ್ರೆಗೆ ತುಕ್ಕು ಹಿಡಿದೀತು ಕಣೆ," ಅಂತ ನಾನು ರೇಗಿಸುತ್ತಿದ್ದೆ. ಆಮೇಲೆ ಒಬ್ಬೊಬ್ಬರೇ ಕರೆದರು. ಕಾಲು ಮುರಿದುಕೊಂಡು ಮಲಗಿದ್ದ ಮರ ಕಡಿಯುವವನೊಬ್ಬ, ಉಯಿಲಿಗೆ ಸಹಿ ಮಾಡಲು ತುಟಿಗೆ ಬಣ್ಣ ಹಚ್ಚಿಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಕಾದಿದ್ದ ಮುದುಕಿ. ಹೋದ ಮನೆಗಳಲ್ಲೆಲ್ಲ ಕಾಫಿ, ಏಲಕ್ಕಿ ಬ್ರೆಡ್ಡು. ಬೇರೆಯವರ ಅಡುಗೆಮನೆಯ ಬಿಸುಪು ಅವಳಿಗೆ ಹಿಡಿಸಿತು. ತನ್ನ ಮನೆಯಲ್ಲಿ ತೊಳೆಯಲು ಒಂದೇ ಕಪ್ಪು.

ಆದರೆ ಫೋನು ಹೊಡೆದುಕೊಂಡಾಗಲೆಲ್ಲ ಅವಳ ಮುಖದಲ್ಲಿ ಏನೋ ಮಿಂಚಿ ಆರುತ್ತಿತ್ತು. ಯಾರಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅರ್ವೋ ಕಾರ್ಪಿನೆನ್, ಸರೋವರದಲ್ಲಿ ಮೀನು ಹಿಡಿಯುವವನು, ಅವಳ ಶಾಲೆಯ ಜೊತೆಗಾರ. ವರ್ಷಕ್ಕೊಮ್ಮೆ ಬ್ಯಾಂಕಿಗೆ ದೋಣಿಯ ಸಾಲದ ಕಾಗದ ತಂದರೆ, ನನ್ನ ಕೌಂಟರು ಖಾಲಿ ಇದ್ದರೂ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದ. ಮಾತು ಮಾತ್ರ ಗಾಳಿ, ಹಿಮ ದಾಟುತ್ತಿರಲಿಲ್ಲ. ಅವನೂ ಮದುವೆಯಾಗಲಿಲ್ಲ, ಇವಳೂ ಆಗಲಿಲ್ಲ.

ಮೂರನೆಯ ವಸಂತದಲ್ಲಿ, ಸರೋವರದ ಮಂಜುಗಡ್ಡೆ ಒಡೆಯುವ ಹೊತ್ತಿಗೆ, ಅವನ ಕರೆ ಬಂತು. ಅವನ ಮಂಡಿ ಕೆಟ್ಟಿತ್ತು. ಅಣ್ಣತಮ್ಮ ಇಬ್ಬರ ಹೆಸರಿನಲ್ಲಿದ್ದ ದಡದ ಜಾಗ ಮಾರಿ, ತಾನಿರುವ ದೂರದ ಬಿಸಿಲುನಾಡು ಅರಿಜೋನಾಗೆ ಬಂದುಬಿಡು ಅಂತ ಅವನ ಅಣ್ಣ ಹಟ ಹಿಡಿದಿದ್ದ. ಹೆಲ್ವಿ ಅವನ ಮನೆಗೆ ಹೋದಾಗ ಕ್ರಯಪತ್ರ ಮೇಜಿನ ಮೇಲಿತ್ತು.

ಹೆಲ್ವಿ ಕನ್ನಡಕ ಏರಿಸಿಕೊಂಡಳು. "ಗುರುತಿನ ಚೀಟಿ ತೋರಿಸಿ."

"ಎರಡನೇ ಕ್ಲಾಸಲ್ಲಿ ನನ್ನ ಪೆನ್ಸಿಲ್ ಕದ್ದೋಳು, ಈಗ ಚೀಟಿ ಕೇಳ್ತೀಯಾ?"

"ಕಾನೂನು. ನೀವು ಸ್ವಂತ ಇಚ್ಛೆಯಿಂದ ಸಹಿ ಮಾಡ್ತಿದೀರಾ?"

"ನಾನ್ಯಾವಾಗಿಂದ 'ನೀವು' ಆದೆ, ಹೆಲ್ವಿ?" ಅಂತ ನಕ್ಕ. ಆಮೇಲೆ ಕಿಟಕಿಯಾಚೆಯ ದೋಣಿ ನೋಡುತ್ತ, "ಇಚ್ಛೆ ಎಲ್ಲಿ ಬಂತು? ಇಲ್ಲ ಕಣೆ. ಆದ್ರೆ ಇಲ್ಲೇ ಇರು ಅನ್ನೋರಾದ್ರೂ ಯಾರಿದಾರೆ?" ಅಂದ.

ಇರು ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತಂತೆ. ಮುದ್ರೆ ಹಿಡಿದು ಸಾಕ್ಷಿಯಾಗಿ ಕೂತವಳು ಅದನ್ನು ಆಡಬಾರದು ಅನ್ನಿಸಿತಂತೆ. "ಹಾಗಾದ್ರೆ ನಾನು ಮುದ್ರೆ ಒತ್ತಲ್ಲ," ಅಂದವಳೇ ಚೀಲ ಹೆಗಲಿಗೇರಿಸಿ ಎದ್ದು ಬಂದಳು.

ಹನ್ನೊಂದು ದಿನ ಬಿಟ್ಟು ಅವನು ಮತ್ತೆ ಕರೆದ. ಈ ಸಲ ಗುರುತಿನ ಚೀಟಿ ಮೊದಲೇ ಮೇಜಿನ ಮೇಲಿತ್ತು. ಅವಳು ಕೇಳಿದ್ದಕ್ಕೆ, "ಹೂಂ, ಇಚ್ಛೆಯಿಂದಲೇ," ಅಂದ. ಸಹಿ ಮಾಡಿದ. ಅವಳು ಮುದ್ರೆ ಒತ್ತಿದಳು. ಜೂನಿನಲ್ಲಿ ಅವನು ಊರು ಬಿಟ್ಟ.

"ಆ ಹನ್ನೊಂದು ದಿನ ಏನ್ ಮಾಡ್ತಿದ್ದೆಯೇ? ಮುದ್ರೆ ಮನೇಲಿಟ್ಟು ಒಂದ್ಸಲ ಹೋಗಬಹುದಿತ್ತಲ್ಲ, ಪೆದ್ದಿ!" ಅಂತ ನಾನು ಬೈದೆ.

"ದಿನಾ ಹೋಗ್ತಿದ್ದೆ," ಅಂದಳು. "ರಸ್ತೆ ಪಕ್ಕದ ಅವನ ಟಪಾಲು ಡಬ್ಬದವರೆಗೆ."

ಈಗ ಅವಳಿಗೆ ಬಿಡುವಿಲ್ಲ, ಸುತ್ತಮುತ್ತಲ ಮೂರು ಜಿಲ್ಲೆ ಸುತ್ತುತ್ತಾಳೆ. ಅವನಿದ್ದ ದಡದ ರಸ್ತೆಯಲ್ಲಿ ಕೆಲಸವಿದ್ದ ದಿನ ಮಾತ್ರ ಅರ್ಧ ಗಂಟೆ ಮೊದಲೇ ಹೊರಟು, ನೀರಿನ ಕಡೆ ಮುಖ ಮಾಡಿ ಕಾರು ನಿಲ್ಲಿಸಿಕೊಂಡು ಕೂತಿರುತ್ತಾಳೆ.