ತೋಳಿನ ತುಳಸಿಕಟ್ಟೆ ಮತ್ತು ಟೋಕಿಯೋದ ಬಿಸಿನೀರು

ಕತ್ತಿನವರೆಗೆ ಬಿಸಿನೀರಿನಲ್ಲಿ ಕೂತು ಏಳು ವರ್ಷವಾಗಿತ್ತು. ಎರಡೂ ಮಂಡಿಗಳ ಆಪರೇಷನ್ ಆದ ಮೇಲೆ, ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಮನೆಯ ಬಾತ್‌ಟಬ್ಬಿನ ಅಂಚು ದಾಟುವುದು ನನ್ನಿಂದಾಗದು. ಮಗಳು ಗೋಡೆಗೆ ಹಿಡಿಕೆ ಹಾಕಿಸಿ, ಶವರ್ ಕೆಳಗೊಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದಾಳೆ. ಅದರ ಮೇಲೆ ಕೂತು, ತಲೆಯ ಮೇಲೆ ಸಣ್ಣಗೆ ಬೀಳುವ ನೀರಿಗೆ ಮುಖವೊಡ್ಡುತ್ತೇನೆ. ಟೆಕ್ನಿಕಲಿ ಅದೂ ಸ್ನಾನವೇ.

ಹಾಗಾಗಿ ಕಳೆದ ವರ್ಷ ಅಳಿಯ ಟೋಕಿಯೋ ಹೋಟೆಲಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದಾಗ ನಾನು ಲಾಬಿ ನೋಡಲಿಲ್ಲ, ರೂಮು ನೋಡಲಿಲ್ಲ. ಒಂದೇ ಚಿತ್ರ ನೋಡಿದೆ. ಮೂವತ್ತೆಂಟನೇ ಮಹಡಿಯಲ್ಲಿ ಹೆಂಗಸರಿಗೆಂದೇ ಒಂದು ಸ್ನಾನದ ಕೊಳ, ಅದರಿಂದ ಏಳುತ್ತಿರುವ ಹಬೆ, ಎದುರಿಗೆ ಗೋಡೆಯಗಲದ ಕಿಟಕಿ. ಕೊಳಕ್ಕೆ ಇಳಿಯಲು ತಗ್ಗು ಮೆಟ್ಟಿಲುಗಳು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ.

"ಅತ್ತೆ, ಇದು ಬ್ರೇಕ್‌ಫಾಸ್ಟ್ ಹಾಲ್ ನೋಡಿ," ಎಂದ ಅಳಿಯ.

"ಹಿಂದಕ್ಕೆ ಹೋಗಪ್ಪಾ. ಆ ಮೆಟ್ಟಿಲು ಇನ್ನೊಂದ್ಸಲ ತೋರಿಸು."

ವರ್ಷಗಟ್ಟಲೆ ಆಫೀಸಿನ ಕೆಲಸಕ್ಕೆಂದು ಅಟ್ಲಾಂಟಾ, ಶಾರ್ಲೆಟ್ ಎಂದು ತಿರುಗಿ ಅವನು ಕೂಡಿಹಾಕಿದ್ದ ಹೋಟೆಲ್ ಪಾಯಿಂಟ್ಸ್ ಎಲ್ಲವನ್ನೂ ಆ ನಾಲ್ಕು ದಿನಗಳಿಗೆ ಸುರಿದಿದ್ದ. ಮಗಳು, ಅಳಿಯ, ನಾನು, ಜೊತೆಗೆ ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗಳು. ಹೊರಡುವ ವಾರ ನನಗೆ ನಿದ್ದೆಯೇ ಬರಲಿಲ್ಲ. ಶಾಲೆಯ ಎಕ್ಸ್‌ಕರ್ಷನ್ ಹಿಂದಿನ ರಾತ್ರಿಯ ಹಾಗೆ ಎದ್ದೆದ್ದು ಸೂಟ್‌ಕೇಸ್ ತೆರೆದು ನೋಡುತ್ತಿದ್ದೆ.

"ಅಮ್ಮ, ಅಲ್ಲಿ ಮೈಮೇಲೆ ಒಂದು ನೂಲೂ ಇರೋ ಹಾಗಿಲ್ಲ, ಗೊತ್ತಾ?" ಎಂದು ಮಗಳು ಹೆದರಿಸಿ ನೋಡಿದಳು. ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಾವು ಪೆಟಿಕೋಟ್ ಹಾಕಿಕೊಂಡೇ ಸ್ನಾನ ಮಾಡಿದವರು. ದೇವರು ನೋಡುತ್ತಾನೆ ಎಂದು ಸಿಸ್ಟರ್ ಹೇಳುತ್ತಿದ್ದರು.

"ನೋಡೋವ್ರು ಅವರವರ ರಿಸ್ಕಲ್ಲಿ ನೋಡ್ಲಿ ಬಿಡು," ಎಂದೆ.

ಅದೇ ವಾರ ಮನೆಯಲ್ಲಿ ಇನ್ನೊಂದು ರಾದ್ಧಾಂತವಾಯಿತು. ಮೊಮ್ಮಗಳು ಮಣಿಕಟ್ಟಿನ ಮೇಲೆ ಒಂದು ಚಿಕ್ಕ ಎಲೆಯ ಟ್ಯಾಟೂ ಹಾಕಿಸಿಕೊಳ್ಳುತ್ತೇನೆ ಎಂದಳು. ಮಗಳು ದೋಸೆ ಹಂಚಿನ ಮುಂದಿನಿಂದಲೇ ತೀರ್ಪು ಕೊಟ್ಟಳು: "ನಮ್ಮ ಫ್ಯಾಮಿಲಿಲಿ ಯಾರೂ ಟ್ಯಾಟೂ ಹಾಕಿಸ್ಕೊಂಡಿಲ್ಲ."

"ದಟ್ಸ್ ನಾಟ್ ಅ ರೀಸನ್, ಅಮ್ಮಾ."

ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಯಾರೂ ಕೇಳದಿದ್ದರೂ ಬಾಯಿ ಹಾಕಿದೆ: "ನೈಸ್ ಗರ್ಲ್ಸ್ ಡೋಂಟ್, ಮರಿ."

ಮೊಮ್ಮಗಳು ತಟ್ಟೆ ತೆಗೆದುಕೊಂಡು ಎದ್ದು ಹೋದಳು. ಆ ಮಾತು ಎಲ್ಲಿಂದ ನನ್ನ ನಾಲಗೆಗೆ ಬಂತು ಎಂದು ಆಗ ಯೋಚಿಸಲಿಲ್ಲ.

ಹೋಟೆಲು ಹೇಗಿತ್ತು ಎಂದು ಈಗಲೂ ಇಲ್ಲಿನ ಆಂಟಿಯರೆಲ್ಲ ಕೇಳುತ್ತಾರೆ. ಲಿಫ್ಟ್ ಹತ್ತಿದರೆ ಕಿವಿ ಗುಯ್‌ಗುಡುತ್ತಿತ್ತು. ಬಾಗಿಲು ಪೂರ್ತಿ ಮುಚ್ಚುವವರೆಗೂ ಹೊರಗೆ ಇಬ್ಬರು ಹುಡುಗಿಯರು ಬಾಗಿಯೇ ನಿಂತಿರುತ್ತಿದ್ದರು. ನಾನೂ ಒಳಗಿನಿಂದ ಬಾಗುತ್ತಿದ್ದೆ. "ಅತ್ತೆ, ನೀವು ನಿಲ್ಲಿಸದಿದ್ರೆ ಅವರೂ ನಿಲ್ಲಿಸಲ್ಲ, ನಾವು ಊಟಕ್ಕೆ ಹೋಗೋಕ್ಕಾಗಲ್ಲ," ಎಂದು ಅಳಿಯ ರೇಗಿಸುತ್ತಿದ್ದ. ರೂಮಿನ ಕಮೋಡ್ ನಾನು ಹತ್ತಿರ ಹೋದರೆ ತಾನೇ ಮುಚ್ಚಳ ಎತ್ತಿ ಸ್ವಾಗತಿಸುತ್ತಿತ್ತು. ಮೊದಲ ಸಲ ನಾನು ಅದಕ್ಕೂ ಥ್ಯಾಂಕ್ಯೂ ಎಂದೆ.

ಚೆಕ್-ಇನ್ ಮಾಡುವಾಗ ಸ್ನಾನದ ಕೊಳಕ್ಕೆ ಮಗಳು ಟ್ಯಾಬ್ಲೆಟ್ಟಿನಲ್ಲಿ ಒಂದು ಫಾರಂ ತುಂಬಿದಳು. ಗುಂಪಿನಲ್ಲಿ ಯಾರಿಗಾದರೂ ಟ್ಯಾಟೂ ಇದೆಯೇ ಎಂಬ ಪ್ರಶ್ನೆ ಬಂತು. ಅಲ್ಲಿ ಟ್ಯಾಟೂ ಇದ್ದವರನ್ನು ನೀರಿಗೆ ಬಿಡುವುದಿಲ್ಲವಂತೆ. ಹಿಂದೆ ಅದು ಅಲ್ಲಿನ ರೌಡಿಗಳ ಗುರುತಾಗಿತ್ತಂತೆ. ಮಗಳು ಮೊಮ್ಮಗಳ ಕಡೆ ಒಂದು ನೋಟ ಬೀರಿ, "ನೋಡಿದ್ಯಾ? ಥ್ಯಾಂಕ್ ಗಾಡ್," ಎಂದು 'ಇಲ್ಲ' ಒತ್ತಿದಳು. ನಾನು ಪಕ್ಕದಲ್ಲೇ ಇದ್ದೆ. ನನಗೂ ಏನೂ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ನನ್ನ ತಯಾರಿ ಜೋರಾಗಿತ್ತು. ಬಿಸಿನೀರಿನ ಸ್ನಾನವೆಂದರೆ ಸುಮ್ಮನೆ ಹೋಗಿ ಇಳಿಯುವುದೇ? ಫೇರ್‌ಫ್ಯಾಕ್ಸ್‌ನಿಂದ ಚಿಕ್ಕ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ತಂದಿದ್ದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕಿಕೊಂಡು, ಅರ್ಧ ಗಂಟೆ ನೆನೆದೆ. ಅದರ ಮೇಲೆ ಹೋಟೆಲಿನವರು ಕೊಟ್ಟ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಮೊಮ್ಮಗಳ ಜೊತೆ ಮೂವತ್ತೆಂಟನೇ ಮಹಡಿಗೆ ಹೋದೆ. ಅವಳು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಳು. ಆದರೆ ನೆಲ ಜಾರುತ್ತದೆಂದು ಅವಳಮ್ಮ ಕಳಿಸಿದ್ದಳು.

ಗಾಜಿನ ಬಾಗಿಲಿನಾಚೆ ಹಬೆ ಕಾಣುತ್ತಿತ್ತು. ಬೂದು ಯೂನಿಫಾರಮ್ಮಿನ, ಐವತ್ತರ ಆಸುಪಾಸಿನ ಮೇಲ್ವಿಚಾರಕಿ ನನಗೆ ಟವೆಲ್ ನೀಡಿದಳು. ತೆಗೆದುಕೊಳ್ಳಲು ಕೈ ಚಾಚಿದೆ. ನಿಲುವಂಗಿಯ ಅಗಲ ತೋಳು ಹಿಂದಕ್ಕೆ ಸರಿಯಿತು.

ಅವಳ ಕಣ್ಣು ನನ್ನ ಮುಂದೋಳಿನ ಮೇಲೆ ನಿಂತಿತು. ಮೊಮ್ಮಗಳ ಕಣ್ಣೂ ಅಲ್ಲೇ ನಿಂತಿತು. ಕೊನೆಗೆ ನಾನೂ ನೋಡಿಕೊಂಡೆ.

ನನ್ನ ಹಚ್ಚೆ. ಒಂದು ತುಳಸಿಕಟ್ಟೆ, ಅದರ ಸುತ್ತ ರಂಗೋಲಿಯಂತೆ ಚುಕ್ಕಿಗಳು, ಕೆಳಗೆ ಮಣಿಕಟ್ಟಿನ ಕಡೆಗೆ ಒಂದು ಬಳ್ಳಿ. ಒಂಬತ್ತು ವರ್ಷದವಳಿದ್ದಾಗ ಬೇಸಿಗೆ ರಜೆಯಲ್ಲಿ ನನ್ನಜ್ಜಿ ಜಗಲಿಯ ಮೇಲೆ ನನ್ನನ್ನು ತೊಡೆಯಲ್ಲಿ ಅದುಮಿ ಹಿಡಿದು ಹಾಕಿಸಿದ್ದು. ಹಚ್ಚೆಯವಳು ಸೂಜಿ ಚುಚ್ಚುವಾಗ ನಾನು ಅಳದಿರಲೆಂದು ಹಾಡು ಹೇಳುತ್ತಿದ್ದಳು. ರಜೆ ಮುಗಿಸಿ ಕಾನ್ವೆಂಟಿಗೆ ವಾಪಸು ಹೋದ ದಿನ ಸಿಸ್ಟರ್ ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಚ್ಚಿ, ಕಾಲುಜ್ಜುವ ಕಲ್ಲಿನಿಂದ ಆ ಜಾಗವನ್ನು ರಕ್ತ ಬರುವ ತನಕ ಉಜ್ಜಿದರು. ಹಚ್ಚೆ ಹೋಗಲಿಲ್ಲ. "ನೈಸ್ ಗರ್ಲ್ಸ್ ಡೋಂಟ್," ಎಂದರು. ಅಂದಿನಿಂದ ನನ್ನದು ಫುಲ್ ಸ್ಲೀವ್ಸ್. ಮದುವೆಯಲ್ಲೂ, ಬೇಸಿಗೆಯಲ್ಲೂ. ಮಗಳು, ಮೊಮ್ಮಗಳು ಅದನ್ನು ಎಷ್ಟೋ ಸಲ ನೋಡಿದ್ದಾರೆ. ಅಜ್ಜಿಯ ಮಚ್ಚೆ ನೋಡಿದ ಹಾಗೆ ನೋಡಿ ಮರೆತಿದ್ದಾರೆ. ನಾನೂ ಮರೆತಿದ್ದೆ.

"ವೆರಿ ಸಾರಿ, ಮೇಡಂ," ಎಂದು ಮೇಲ್ವಿಚಾರಕಿ ಬಾಗಿದಳು.

ಏಳು ವರ್ಷ. ಗಾಜಿನಾಚೆ ಹತ್ತು ಹೆಜ್ಜೆ ದೂರದಲ್ಲಿ ಮೆಟ್ಟಿಲು ಕಾಣುತ್ತಿತ್ತು, ಕಂಬಿಯೂ ಕಾಣುತ್ತಿತ್ತು. "ಇಟ್ಸ್ ಆಲ್‌ರೈಟ್," ಎಂದು ನಾನು ಕಾನ್ವೆಂಟಿನ ಹುಡುಗಿಯ ಹಾಗೆ ತಿರುಗಿದೆ.

ಮೊಮ್ಮಗಳು ತಿರುಗಲಿಲ್ಲ. "ಇದಕ್ಕೆ ಕವರ್ ಏನಾದ್ರೂ ಇದ್ಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇತ್ತು. ಮೇಲ್ವಿಚಾರಕಿ ಒಂದು ಡ್ರಾಯರ್ ತೆಗೆದು ಮೈಬಣ್ಣದ ನಾಲ್ಕು ಪಟ್ಟಿಗಳನ್ನು ತಂದಳು. ಹಚ್ಚೆ ಪೂರ್ತಿ ಮುಚ್ಚಿದರೆ ಹೋಗಬಹುದು. ಇರುವುದು ನಾಲ್ಕೇ.

ಮೊದಲನೆಯದನ್ನು ಅಂಟಿಸಿದಳು. ಅದು ಜಾರಿ ಮೊಣಕೈಗೆ ಬಂತು. ಎರಡನೆಯದು ನೆಲಕ್ಕೇ ಬಿತ್ತು. ಮೂರನೆಯದನ್ನು ಒತ್ತಿ ಹಿಡಿದಳು, ಕೈ ಬಿಟ್ಟ ಕೂಡಲೇ ಸುರುಳಿಯಾಯಿತು. ಆಕೆ ಪಟ್ಟಿಯನ್ನು ತಿರುಗಿಸಿ ನೋಡಿದಳು, ನನ್ನ ತೋಳು ನೋಡಿದಳು, ಬೆರಳು ಮೂಸಿದಳು.

"ಅಜ್ಜಿ," ಮೊಮ್ಮಗಳು ನಿಧಾನವಾಗಿ ಕೇಳಿದಳು, "ಡಿಡ್ ಯು ಆಯಿಲ್ ಯುವರ್‌ಸೆಲ್ಫ್?"

"ಎಣ್ಣೆಸ್ನಾನ ಅಲ್ವೇನೇ?"

"ಓ ಮೈ ಗಾಡ್, ಅಜ್ಜಿ. ಯು ಆರ್ ಲೈಕ್ ಅ ಬೋಂಡಾ."

ಅಂದು ಬೆಳಗ್ಗೆಯಿಂದ ಅವಳು ನನ್ನ ಜೊತೆ ಆಡಿದ ಮೊದಲ ಉದ್ದದ ಮಾತು ಅದು. ನಗು ತಡೆಯಲಾಗದೆ ನನ್ನನ್ನು ಕೈತೊಳೆಯುವ ಬೇಸಿನ್ನಿನ ಹತ್ತಿರ ಎಳೆದುಕೊಂಡು ಹೋದಳು. ನೀರು ಬೆಚ್ಚಗಾಗುವ ತನಕ ತನ್ನ ಕೈಯೊಡ್ಡಿ ಕಾದಳು. ಆಮೇಲೆ ಸೋಪು ಹಚ್ಚಿ, ಬೆರಳ ತುದಿಯಿಂದ ತುಳಸಿಕಟ್ಟೆಯ ಒಂದೊಂದು ಗೆರೆಯ ಮೇಲೂ ಉಜ್ಜಿದಳು. ಒಂದು ಸಲ, ಎರಡು ಸಲ, ಮೂರು ಸಲ. ನಲ್ಲಿ, ಸೋಪು, ಬಾಗಿದ ಒಂದು ತಲೆ. ಅರವತ್ತೇಳು ವರ್ಷದ ಹಿಂದಿನದೆಲ್ಲ ಅಲ್ಲೇ ಇತ್ತು, ನೋವೊಂದೇ ಇರಲಿಲ್ಲ.

"ಡಸ್ ದಿಸ್ ಹರ್ಟ್?"

"ಇಲ್ಲ ಮರಿ. ಐ ಓವ್ ಯು ಎನ್ ಅಪಾಲಜಿ."

"ಯಾಕೆ?"

"ನೈಸ್ ಗರ್ಲ್ಸ್ ಡೂ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಟವೆಲ್ಲಿನಿಂದ ತೋಳು ಒರೆಸಿದಳು.

ನಾಲ್ಕನೆಯ ಪಟ್ಟಿ ಭದ್ರವಾಗಿ ಕೂತಿತು. ಆದರೆ ತುಳಸಿಕಟ್ಟೆ ಮುಚ್ಚಿತೇ ಹೊರತು ಬಳ್ಳಿ ಹೊರಗೇ ಉಳಿಯಿತು. ಮೇಲ್ವಿಚಾರಕಿಯ ಮುಖ ನನ್ನದಕ್ಕಿಂತ ಹೆಚ್ಚು ಬಾಡಿತು. ಆಗ ಮೊಮ್ಮಗಳು ತನ್ನ ಅಂಗೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟಳು. ಬಳ್ಳಿ ಪೂರ್ತಿ ಮರೆಯಾಯಿತು.

"ಹೇಗೂ ನಾನು ಅಜ್ಜಿನ ಹಿಡ್ಕೊಂಡೇ ಇರ್ಬೇಕು. ಶಿ ವಿಲ್ ಸ್ಲಿಪ್," ಎಂದು ಮೇಲ್ವಿಚಾರಕಿಗೆ ವಿವರಿಸಿದಳು.

ಆಕೆ ತನ್ನದೇ ಮಣಿಕಟ್ಟನ್ನು ಹಾಗೆ ಹಿಡಿದು ನೋಡಿಕೊಂಡಳು. "ಆಲ್‌ವೇಸ್?" ಎಂದು ಕೇಳಿದಳು.

"ಆಲ್‌ವೇಸ್."

ಆಕೆ ಬಾಗಿ ಗಾಜಿನ ಬಾಗಿಲು ಸರಿಸಿದಳು. ಮೊದಲು ಮೈಯೆಲ್ಲ ಸೋಪಿನಿಂದ ತೊಳೆದೇ ಇಳಿಯಬೇಕು ಎಂದು ನಮಗೆ ಎರಡು ಸಲ ಹೇಳಿದಳು. ನನಗಂತೂ ಅದು ಅವಶ್ಯವಿತ್ತು.

ಒಂದು ಕೈಯಲ್ಲಿ ಕಂಬಿ, ಇನ್ನೊಂದು ಮೊಮ್ಮಗಳ ಹಿಡಿತದಲ್ಲಿ. ಒಂದು ಮೆಟ್ಟಿಲು, ಮಂಡಿ. ಇನ್ನೊಂದು, ಸೊಂಟ. ಕೊನೆಯದರಲ್ಲಿ ಕೂತೆ. ನೀರು ಕತ್ತಿಗೆ ಬಂತು. ಬಾಯಿಂದ ತಾನಾಗಿ ಒಂದು ದೊಡ್ಡ "ಹಾ" ಹೊರಟಿತು. ಮೂಲೆಯಲ್ಲಿದ್ದ ಜಪಾನಿ ಮುದುಕಿಯೊಬ್ಬಳು ಕಣ್ಣು ಮುಚ್ಚಿಕೊಂಡೇ ಅದಕ್ಕೆ ಉತ್ತರವಾಗಿ ಹೂಂಗುಟ್ಟಿದಳು. ಕಿಟಕಿಯಾಚೆ ಬೆಳಗಿನ ಬಿಸಿಲಿನಲ್ಲಿ ಕೊನೆಯೇ ಕಾಣದ ಕಟ್ಟಡಗಳ ಸಾಲು, ಕೆಳಗೆ ಆಟಿಕೆಯಂಥ ರೈಲು.

"ಕೈ ನೋವಾಯ್ತಾ?" ಎಂದು ಕೇಳಿದೆ.

"ನೋಪ್. ಆ ಬಳ್ಳಿದು ಎಲೆ ಎಷ್ಟಿದೆ ಅಜ್ಜಿ?"

"ಏಳು. ಎಣಿಸ್ಬೇಡ, ಕೈ ತೆಗೀಬೇಕಾಗುತ್ತೆ."

ಸಂಜೆ ಲಾಬಿಯಲ್ಲಿ ಟೀ ಕುಡಿಯುವಾಗ ನಾನು ಬ್ಲೌಸಿನ ತೋಳಿನ ಬಟನ್ ಬಿಚ್ಚಿ, ಅದನ್ನು ಮೊಣಕೈವರೆಗೆ ಮಡಿಸಿ ಕೂತೆ. ಮಗಳು ನೋಡಿದಳು.

"ಅಮ್ಮ, ಸೆಖೆನಾ?"

"ಇಲ್ಲ. ನಿನ್ನ ಫಾರಂ ತಪ್ಪಾಗಿದೆ ಅಂತ ಹೇಳೋಣ ಅಂತ."

ಅವಳು ನನ್ನ ತೋಳು ನೋಡಿದಳು, ಆಮೇಲೆ ತನ್ನ ಮಗಳ ಮುಖ ನೋಡಿದಳು. "ಅದು ಬೇರೆ," ಎಂದಳು.

"ಏನು ಬೇರೆ, ಹೇಳು."

ಅವಳು ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದಳು. ಅಳಿಯ ಕಪ್ಪಿನ ಮರೆಯಲ್ಲಿ ನಗುತ್ತಿದ್ದ. ಮೊಮ್ಮಗಳು ನನ್ನ ಬಳ್ಳಿಯ ಮೇಲೆ ಬೆರಳಿಟ್ಟು ಎಲೆಗಳನ್ನು ಎಣಿಸತೊಡಗಿದಳು.