ಸಿದ್ದಮ್ಮನ ಬೇಸಿಗೆ ಹಿತ್ತಲು

ದೊಡ್ಡಮಳೂರು ದಾಟಿ ಒಳಕ್ಕೆ ಹೋದರೆ ಸಿಗುವ ಆ ಊರಿನಲ್ಲಿ ಬೇಸಿಗೆ ಬಂತೆಂದರೆ ಹಸಿರು ಕಾಣುತ್ತಿದ್ದದ್ದು ಎರಡೇ ಕಡೆ. ಬೋರ್‌ವೆಲ್ ನೀರು ಕುಡಿಯುವ ಹಿಪ್ಪುನೇರಳೆ ತೋಟಗಳಲ್ಲಿ, ಬಿಟ್ಟರೆ ದೊಡ್ಡಹನುಮಯ್ಯನ ಮನೆಯ ಹಿಂದಿನ ಹಿತ್ತಲಿನಲ್ಲಿ. ಆ ಹಿತ್ತಲಿಗೆ ಬೋರ್‌ವೆಲ್ ನೀರು ಒಂದು ಹನಿಯೂ ಬರುತ್ತಿರಲಿಲ್ಲ. ಅದನ್ನು ಸಾಕಿದ್ದು ಮನೆಯವರು ಮೈತೊಳೆದ ನೀರು, ಪಾತ್ರೆ ತೊಳೆದ ನೀರು, ಮತ್ತೆ ಆ ಮನೆಯ ಹೆಣ್ಣುಮಗಳು ಸಿದ್ದಮ್ಮ.

ಸಿದ್ದಮ್ಮ ದೊಡ್ಡಹನುಮಯ್ಯನ ತಂಗಿ. ಮಾಗಡಿ ಕಡೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. "ನಾನಿರಗಂಟ ನಿಂಗೆ ಈ ಮನೇಲಿ ಕೂಳೈತೆ ಕಣಮ್ಮಿ" ಎಂದ ಅಣ್ಣ, ಹಿತ್ತಲ ಗೋಡೆಗೆ ತಗುಲಿಸಿ ಶೀಟಿನ ಒಂದು ಕೋಣೆ ಹಾಕಿಸಿಕೊಟ್ಟ. ಕೋಣೆ ಅಣ್ಣನದು, ಮುದ್ದೆ ಅಣ್ಣನದು. ಹಿತ್ತಲು ಮಾತ್ರ ಆಗ ಯಾರಿಗೂ ಬೇಡವಾದ ಜಾಗ, ಬರೀ ಕಲ್ಲು, ಎಕ್ಕದ ಗಿಡ. ಸಿದ್ದಮ್ಮ ಕಲ್ಲು ಆಯ್ದಳು. ವರ್ಷಗಟ್ಟಲೆ ಆಯ್ದಳು. ಕ್ರಮೇಣ ಊರವರ ಬಾಯಲ್ಲಿ ಅದು ಸಿದ್ದಮ್ಮನ ಹಿತ್ತಲಾಯಿತು. ಅವಳ ಹೆಸರಿಗೆ ಅಂತ ಇದ್ದದ್ದು ಅದೊಂದೇ, ಅದೂ ಬಾಯಿಮಾತಿನಲ್ಲಿ.

ಶಿವರಾತ್ರಿ ಕಳೆದ ಮೇಲೆ ಬೀಜ ಊರುವಳು. ಪಡವಲ, ಹೀರೆ, ಬೆಂಡೆ, ಬದನೆ, ಅಲಸಂದೆ. ಗೋಡೆ ಬದಿಗೆ ಎರಡು ಪರಂಗಿ, ಬಚ್ಚಲ ಮೋರಿಯ ಬಾಯಲ್ಲಿ ಬಾಳೆ. ಬಿಸಿಲಿಗೆ ಬುಡ ಒಣಗದ ಹಾಗೆ, ರೇಷ್ಮೆ ಹುಳ ಮೇದು ಬಿಟ್ಟ ಕಡ್ಡಿಯನ್ನೂ ಹುಳದ ಹಿಕ್ಕೆಯನ್ನೂ ತಂದು ಹೊದಿಸುವಳು. ಬೆಳಗ್ಗೆ ಮನೆಯವರೆಲ್ಲರ ಸ್ನಾನ ಮುಗಿಯುವ ತನಕ ಗುದ್ದಲಿ ಹಿಡಿದು ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿರುವಳು. ನೀರು ಬಂದ ಹಾಗೆ ಒಂದು ಪಾತಿಯಿಂದ ಇನ್ನೊಂದಕ್ಕೆ ತಿರುಗಿಸುವಳು. ಪಡವಲಕಾಯಿ ಸೊಟ್ಟಗಾಗದಿರಲೆಂದು ತುದಿಗೆ ಕಲ್ಲು ಕಟ್ಟುವಳು. ಯಾರಾದರೂ ಎಳೇ ಕಾಯಿಗೆ ಬೆರಳು ತೋರಿಸಿದರೆ, "ಬೆಳ್ಳು ಮಡಿಸ್ಕೊಂಡು ತೋರ್ಸು, ಕೊಳ್ತೋಯ್ತದೆ" ಎಂದು ಗದರುವಳು.

ಮನೆಯ ಯಜಮಾನಿಕೆ ಈಗ ಅಣ್ಣನ ಮಗ ಮಹೇಂದ್ರನದು. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡಿ, ಅದು ಬೇಡವೆಂದು ಬಿಟ್ಟು ಬಂದು ರೇಷ್ಮೆ ಸಾಕಲು ಹುಳದ ಮನೆ ಕಟ್ಟಿಸಿದ್ದ. ಅವನೂ ಹೆಂಡತಿ ಸುಮನಾಳೂ ಹುಳವನ್ನು ಎಳೇ ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು. ಒಳಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು. ಪೌಡರು ಹಾಕಿಕೊಂಡವರು ಬರಬಾರದು, ಊದುಬತ್ತಿ ಹಚ್ಚಬಾರದು. ಎಲ್ಲಕ್ಕಿಂತ ಮೇಲಾಗಿ ಹೊಗೆಸೊಪ್ಪು ಹತ್ತಿರ ಸುಳಿಯಬಾರದು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪಿನ ಸೋಂಕು ವಿಷ, ಅದು ಆ ಸೀಮೆಯಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಬದನೆ ಗಿಡಕ್ಕೆ ಹೇನು ಹತ್ತಿದರೆ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುವುದು ಸಿದ್ದಮ್ಮನ ಅವ್ವನ ಕಾಲದ ಮದ್ದು. ಹುಳದ ಮನೆ ಎದ್ದ ಮೇಲೆ ಸಿದ್ದಮ್ಮ ಆ ಮದ್ದು ಬಿಟ್ಟಳು. ಬೂದಿ ಎರಚುವಳು, ಹುಳಿ ಮಜ್ಜಿಗೆ ಚೆಲ್ಲುವಳು, ಬಗ್ಗದಿದ್ದರೆ ಬೆರಳಲ್ಲೇ ಹೊಸಕುವಳು.

ಆದರೆ ದೊಡ್ಡಹನುಮಯ್ಯನಿಗೆ ಹೊಗೆಸೊಪ್ಪಿಲ್ಲದೆ ಬಾಯಿ ಸುಮ್ಮನಿರದು. ಮಗನ ಮುಂದೆ ಬಿಟ್ಟೆ ಎಂದು ಆಣೆ ಇಟ್ಟಿದ್ದ. ಗಂಟನ್ನು ತಂದು ತಂಗಿಯ ಕೋಣೆಯಲ್ಲಿ ಇಟ್ಟಿದ್ದ.

"ಬ್ಯಾಡ ಕಣಣ್ಣ, ಗೊತ್ತಾದ್ರೆ ಮಯೇಂದ್ರ ನನ್ನ ಉಗೀತಾನೆ" ಎಂದಿದ್ದಳು ಅವಳು.

"ನಿನ್ನ ಕೋಣೆಗೆ ಯಾವನು ಬತ್ತಾನೆ ಬುಡು. ಒಸಿ ಇಟ್ಕಳಮ್ಮಿ. ಇಷ್ಟು ಮಾಡಾಕಿಲ್ವಾ ನಂಗೆ?"

ಕೂಳು ಕೊಟ್ಟ ಅಣ್ಣ ಹಾಗೆಂದ ಮೇಲೆ ಅವಳು ಏನು ಹೇಳಿಯಾಳು. ಟ್ರಂಕಿನ ಹಿಂದೆ ಗಂಟು ಇಟ್ಟಳು. ಮಧ್ಯಾಹ್ನ ಅಣ್ಣ ಬಂದು ಪರಂಗಿ ನೆರಳಲ್ಲಿ ಕೂರುವನು, ಒಂದು ಎಸಳು ಮುರಿದು ದವಡೆಗೆ ಇಟ್ಟುಕೊಳ್ಳುವನು, ಉಳಿದದ್ದನ್ನು ಹೆಗಲ ಟವೆಲ್ಲಿನ ತುದಿಗೆ ಗಂಟು ಹಾಕಿಕೊಳ್ಳುವನು. ಅವಳು ಕಳೆ ಕೀಳುತ್ತಾ ಅವನ ಮಾತು ಕೇಳುವಳು. ಹಳೇ ಎತ್ತಿನ ಮಾತು, ಸತ್ತ ಅವ್ವನ ಮಾತು. ಆ ಹೊತ್ತು ಅವಳಿಗೂ ಬೇಕಾಗಿತ್ತು.

ಯುಗಾದಿ ಕಳೆದು ಹಿತ್ತಲು ಕಾಯಿ ಹಿಡಿದ ಕಾಲ. ಪಡವಲ ಚಪ್ಪರದ ತುಂಬ ಇಳಿಬಿದ್ದಿತ್ತು. ಹುಳದ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕಡೆಯ ಪೊರೆ ಕಳಚಿ, ಹಗಲು ರಾತ್ರಿ ಮೇಯುತ್ತಿತ್ತು. ಕೆಲವೇ ದಿನ ಹೋದರೆ ಗೂಡು ಕಟ್ಟುವ ಹುಳ. ಕನಕಪುರದಲ್ಲಿ ಸುಮನಾಳ ತವರಿನವರ ಮದುವೆ, ಗಂಡ ಹೆಂಡತಿ ಹೋಗಲೇಬೇಕಾಗಿತ್ತು. ಒಂದು ಹಗಲಿನ ಮಟ್ಟಿಗೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವುದು ಯಾರು?

"ನಾನು ಆಕ್ತೀನಿ" ಎಂದಳು ಸಿದ್ದಮ್ಮ.

"ನಾನಿಲ್ವಾ ಮನೇಲಿ? ನೀನು ನಿನ್ನ ಬದ್ನೆಕಾಯಿ ನೋಡ್ಕೊ ಹೋಗು" ಎಂದ ಅಣ್ಣ.

ಮಧ್ಯಾಹ್ನ ಎಂದಿನಂತೆ ಪರಂಗಿ ಕೆಳಗೆ ಕೂತು ಎದ್ದ. "ಕೈ ತೊಳ್ಕೊಂಡು ಹೋಗಣ್ಣ" ಎಂದು ಅವಳು ಕೂಗಿದಳು. "ನನ್ನ ಬೆಳೆಗೆ ನಂಗೇ ಹೇಳ್ಕೊಡ್ತೀಯಾ" ಎಂದು ನಗುತ್ತಲೇ ಕೈ ತೊಳೆದ, ಬಾಯಿ ಮುಕ್ಕಳಿಸಿದ. ಕೊಯ್ದಿಟ್ಟ ಸೊಪ್ಪು ಸಾಲದೆ ತೋಟಕ್ಕೆ ಹೋಗಿ ಇನ್ನಷ್ಟು ಕೊಯ್ದ. ಕೊಯ್ದದ್ದನ್ನು ಹೆಗಲ ಟವೆಲ್ಲಿನಲ್ಲೇ ಗಂಟು ಕಟ್ಟಿಕೊಂಡು ತಂದು ಹುಳದ ಮೇಲೆ ಹರಡಿದ. ಹುಳದ ಮನೆಯಿಂದ ಅವನು ಖಾಲಿ ಟವೆಲ್ ಕೊಡವುತ್ತಾ ಹೊರಬಂದದ್ದನ್ನು ಸಿದ್ದಮ್ಮ ಚಪ್ಪರದ ಕೆಳಗಿನಿಂದ ನೋಡಿದಳು.

"ಅಣ್ಣಾ, ಆ ಟವೆಲ್ನಾಗೆ ಸೊಪ್ಪು ತಂದ್ಯಾ?"

ಅವನು ಟವೆಲ್ಲಿನಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ ತುದಿ ನೋಡಿಕೊಂಡ. ಇಬ್ಬರೂ ಒಳಕ್ಕೆ ಓಡಿ ಹಾಕಿದ ಸೊಪ್ಪನ್ನು ತೆಗೆದು ಎಸೆದರು. ಹುಳ ಆಗಲೇ ಮೇದಿತ್ತು.

ಸಂಜೆ ಮಹೇಂದ್ರ ಬರುವ ಹೊತ್ತಿಗೆ ಬಾಗಿಲ ಕಡೆಯ ಸ್ಟ್ಯಾಂಡಿನ ಹುಳವೆಲ್ಲ ತಲೆ ಎತ್ತಿಕೊಂಡು, ಬಾಯಲ್ಲಿ ರಸ ಕಾರಿಕೊಂಡು ಒದ್ದಾಡುತ್ತಿತ್ತು. ಹೊಗೆಸೊಪ್ಪಿನ ಸೋಂಕು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯ ಬಟ್ಟೆಯಲ್ಲೇ ಮನೆಯನ್ನೆಲ್ಲ ಜಾಲಾಡಿದ. ಸುಮನಾ ಟ್ರಂಕು ಎಳೆದಳು. ಗಂಟು ಸಿಕ್ಕಿತು.

"ಅತ್ತೆ, ಇದೇನು?" ಎಂದಳು ಸುಮನಾ. ದನಿ ಏರಿಸಲಿಲ್ಲ. ಏರಿಸಿದ್ದರೆ ಸಿದ್ದಮ್ಮನಿಗೆ ಹಗುರವಾಗುತ್ತಿತ್ತೇನೋ.

"ಗಿಡಕ್ಕೆ ಹೊಡುದ್ಯಾ ಅತ್ತೆ?" ಎಂದ ಮಹೇಂದ್ರ. "ಎರಡು ಬದ್ನೆಕಾಯಿಗೆ ನನ್ನ ಬೆಳೆ ತೆಗುದ್ಬುಟ್ಯಾ?"

ಸಿದ್ದಮ್ಮ ಅಣ್ಣನನ್ನು ನೋಡಿದಳು. ಜಗುಲಿಯ ಮೇಲೆ ಕೂತಿದ್ದವನು ಕಾಲ ಹೆಬ್ಬೆರಳಿಂದ ನೆಲ ಕೆರೆಯುತ್ತಿದ್ದ. ನಿಜ ಅವನ ಬಾಯಿಂದಲೇ ಬರಲಿ ಎಂದು ಕಾದಳು. ಮಾತು ಬಂತು.

"ಬ್ಯಾಡ ಬ್ಯಾಡ ಅಂದೆ ಕಣ್ಲಾ ನಾನು. ಕೇಳ್ಲಿಲ್ಲ. ಹೆಂಗ್ಸು, ಬುದ್ಧಿ ಓಡ್ಲಿಲ್ಲ. ಬುಟ್ಬುಡು ಹೋಗ್ಲಿ."

ಸಿದ್ದಮ್ಮ ಬಾಯಿ ತೆರೆಯಲಿಲ್ಲ. ಅಣ್ಣನನ್ನು ಮಗನ ಮುಂದೆ ಸುಳ್ಳ ಎನ್ನಿಸಿ, ನಾಳೆಯಿಂದ ಯಾರ ಮನೆಯಲ್ಲಿ ಇರುವುದು? ಸುಮ್ಮನಿದ್ದರೆ ನಾಲ್ಕು ದಿನ ಬೈದು ಮರೆತಾರು, ಹಿತ್ತಲಾದರೂ ಉಳಿದೀತು ಎಂದುಕೊಂಡಳು.

ಉಳಿಯಲಿಲ್ಲ. ಬದುಕಿದ್ದ ಅಷ್ಟಿಷ್ಟು ಹುಳ ಗೂಡು ಕಟ್ಟಿದ ಮೇಲೆ ಮಹೇಂದ್ರ ಹಿತ್ತಲಿಗೆ ಬಂದ. ಹೆಜ್ಜೆ ಹಾಕಿ ಉದ್ದ ಅಗಲ ಅಳೆದ.

"ಹುಳದ ಮನೇನ ಈ ಕಡೀಕೆ ಬೆಳೆಸ್ತೀನತ್ತೆ. ಚಪ್ಪರ ತೆಗೀಬೇಕು. ನಾಳೆ ಆಳು ಬತ್ತಾರೆ."

ಆಗ ಸಿದ್ದಮ್ಮ ಬಾಯಿ ಬಿಟ್ಟಳು. ಇಷ್ಟು ದಿನ ನುಂಗಿಕೊಂಡಿದ್ದೆಲ್ಲ ಬಂತು.

"ಮಗ, ಬದ್ನೆ ಎಲೆ ತಿರುಗಿಸಿ ನೋಡು. ಹೇನು ಹಂಗೇ ಕುಂತದೆ. ಹೊಗೆಸೊಪ್ಪಿನ ನೀರು ಹೊಡುದ್ರೆ ಇರ್ತಿತ್ತಾ? ಆ ಗಂಟು ನಿಮ್ಮಪ್ಪಂದು. ಟವೆಲ್ನಾಗೆ ಸೊಪ್ಪು ತಂದೋನೂ ನಿಮ್ಮಪ್ಪನೇಯ."

ಮಹೇಂದ್ರ ಎಲೆ ತಿರುಗಿಸಲಿಲ್ಲ. ಚಪ್ಪರದ ಗೂಟವನ್ನು ಅಲ್ಲಾಡಿಸಿ ನೋಡುತ್ತಿದ್ದ.

"ಅವತ್ತೇ ನೋಡ್ದೆ ಅತ್ತೆ, ಎಲೆ. ಅಪ್ಪನ ಟವೆಲ್ಲೂ ಮೂಸಿದೆ."

"ಗೊತ್ತಿದ್ದೂ?"

"ಏನ್ ಮಾಡ್ಲಿ ಹೇಳು. ಅಪ್ಪನ್ನ ಊರ ಮುಂದೆ ನಿಲ್ಸಿ ಉಗೀಲಾ? ತಪ್ಪು ನಿನ್ನ ತಲೆ ಮ್ಯಾಕೆ ಹೋಯ್ತು, ಮನೆಯೊಳಗೇ ಮುಗೀತು. ನಿಂಗೇನು ಹೋಗದೈತೆ, ಗಂಡನಾ, ಮಕ್ಕಳಾ? ಜಾಗ ಹೆಂಗೂ ಬೇಕಾಗಿತ್ತು ನಂಗೆ."

ಅವನು ಕೆಟ್ಟ ಹುಡುಗನಲ್ಲ. ಹೋದ ವರ್ಷ ಅವಳ ಕಣ್ಣಿನ ಪೊರೆ ತೆಗೆಸಿದ್ದು ಅವನೇ. ಅದಕ್ಕೇ ಆ ಮಾತು ಅವಳಿಗೆ ಇನ್ನೂ ಆಳಕ್ಕೆ ಇಳಿಯಿತು. ಕೋಪದಲ್ಲಿ ಆಡಿದ್ದಲ್ಲ ಅದು, ಲೆಕ್ಕ ಹಾಕಿಯೇ ಆಡಿದ್ದು.

"ಆಳು ಬ್ಯಾಡ. ನಾನೇ ಕೀಳ್ತೀನಿ" ಎಂದಳು.

ಮಾರನೆಯ ದಿನ ಹೊತ್ತು ಮೂಡುವ ಮುಂಚೆ ಶುರು ಮಾಡಿದಳು. ಬಲಿತ ಕಾಯನ್ನು ಸುಮನಾ ಬಂದು ತುಂಬಿಕೊಂಡಳು, ಎಳೆಯದನ್ನು ಹಸುವಿನ ಮುಂದೆ ಸುರಿದರು. ಪಡವಲದ ಬಳ್ಳಿಯನ್ನು ಬುಡದಲ್ಲಿ ಕೊಯ್ದರೆ ಚಪ್ಪರದ ಮೇಲೆ ಬಾಡಲು ಹೊತ್ತು ಬೇಕು. ಸಂಜೆಯ ಹೊತ್ತಿಗೆ ಮೊಗ್ಗು ಎಂದಿನಂತೆ ಬೆಳ್ಳಗೆ ಅರಳಿತು. ಪರಂಗಿ ಗಿಡಗಳಿಗೆ ಮಾತ್ರ ಅವಳ ಕೈ ಏಳಲಿಲ್ಲ. ಅವನ್ನು ಮಹೇಂದ್ರನೇ ಎರಡೆರಡು ಏಟಿಗೆ ಕೆಡವಿದ.

ಆವತ್ತು ರಾತ್ರಿ ಸುಮನಾ ಅದೇ ಕಾಯಲ್ಲಿ ಸಾರು ಮಾಡಿದ್ದಳು. ತಟ್ಟೆ ಹಾಕಿದ ಮೇಲೆ ದೊಡ್ಡಹನುಮಯ್ಯ ಪಕ್ಕದ ಜಾಗ ತೋರಿಸಿದ.

"ಬಾ ಸಿದ್ದಿ, ಕುಂತ್ಕೋ. ಹಿಟ್ಟು ಆರೋಯ್ತದೆ."

"ನಿನ್ನ ಪಕ್ಕ ಕುಂತು ಉಣ್ಣಾಕಿಲ್ಲ ಕಣಣ್ಣ" ಎಂದಳು ಅವಳು. ಯಾರೂ ತುತ್ತು ಎತ್ತಲಿಲ್ಲ. ಅವಳು ತನ್ನ ತಟ್ಟೆ ತೆಗೆದುಕೊಂಡು ಕೋಣೆಗೆ ನಡೆದಳು.

ಈಗ ಕೋಣೆಯ ಬಾಗಿಲ ಮುಂದೆಯೇ ಹುಳದ ಮನೆಯ ಹೊಸ ಗೋಡೆ ಎದ್ದಿದೆ, ಒಳಗೆ ಬೆಳಕು ಕಮ್ಮಿ. ದಿನಾ ಸಂಜೆ ಸಿದ್ದಮ್ಮ ಅಡುಗೆಮನೆಗೆ ಬಂದು ತಟ್ಟೆಗೆ ತಾನೇ ಬಡಿಸಿಕೊಂಡು ಹೋಗುತ್ತಾಳೆ. ಅಣ್ಣ ಮೊದಮೊದಲು ಕರೆಯುತ್ತಿದ್ದ. ಈಗ ಅವಳು ಬರುವ ಹೊತ್ತಿಗೆ ಎದ್ದು ಬೀದಿಗೆ ಹೋಗುತ್ತಾನೆ.