ಎಡಗಿವಿ ಹೋದ ಮೇಲೆ

ರೇಣುಕಾ ಫೋನಿನಲ್ಲಿ ಮಾತಾಡುತ್ತಿದ್ದಳು. ಮಾತು ನಿಂತಿತು. ಲೈನ್ ಕಟ್ಟಾಯಿತು ಅಂದುಕೊಂಡು ಫೋನ್ ನೋಡಿದೆ. ಕರೆ ನಡೆದೇ ಇತ್ತು. ಬಲಗಿವಿಗೆ ಹಿಡಿದರೆ ಅವಳ ದನಿ ಇತ್ತು. ಎಡಗಿವಿಗೆ ಹಿಡಿದರೆ ಇಲ್ಲ.

ಗುಗ್ಗೆ ತುಂಬಿರಬೇಕು, ಸಂಜೆ ನೋಡಿದರಾಯಿತು ಅಂದುಕೊಂಡೆ.

ಆಗ ಕಿವಿಯ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ ಎರಡು ಕೋಣೆಗಳ ಒಂದು ನೆರವು ಕೇಂದ್ರವಿದೆ. ನಾನು ಅಲ್ಲಿ ಸಂಯೋಜಕಿ. ಸೈನಿಕರು, ಅವರ ಮನೆಯವರು ಕಷ್ಟದಲ್ಲಿದ್ದಾಗ ನಮಗೆ ಫೋನ್ ಮಾಡುತ್ತಾರೆ. ಯಾರಿಗೆ ಡಾಕ್ಟರ್ ಬೇಕು, ಯಾರ ರಜೆಗಾಗಿ ಯುನಿಟ್ಟಿನವರೊಡನೆ ಮಾತಾಡಬೇಕು, ಯಾರ ಮನೆಗೆ ಇವತ್ತೇ ಹೋಗಬೇಕು ಎಂದು ಗೊತ್ತುಮಾಡಿ, ಎಲ್ಲರನ್ನೂ ಜೋಡಿಸುವುದು ನನ್ನ ಕೆಲಸ. ಸಹೋದ್ಯೋಗಿ ಯಾಸ್ಮೀನ್ ಆಪ್ತ ಸಮಾಲೋಚಕಿ. ದಿನದ ಬಹುಪಾಲು ಇಬ್ಬರೂ ಫೋನಿನಲ್ಲೇ ಇರುತ್ತೇವೆ.

ರೇಣುಕಾ ಬಬಲೇಶ್ವರದವಳು. ಗಂಡ ಸಿದ್ದಪ್ಪ ಗಡಿಯಿಂದ ರಜೆಗೆ ಬಂದಿದ್ದ. ನಿದ್ದೆ ಮಾಡುತ್ತಿರಲಿಲ್ಲ, ಮಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವಳು ದನಿ ತಗ್ಗಿಸಿ ಹೇಳುತ್ತಿದ್ದಳು.

“ಅಕ್ಕಾರ, ರಜಾ ಮುಗದ್ರ ಎಲ್ಲಾ ಮುಗೀತು ಅಂತಾರ. ಏನ ಮುಗೀತು ಅಂತ ಕೇಳಿದ್ರ ಸುಮ್ಮ ಕುಂದರ್ತಾರ.”

ಸಾಯುವ ಮಾತು ಆಡಿದ್ದಾನೆಯೇ ಎಂದು ನೇರವಾಗಿ ಕೇಳಿದೆ. ಹೌದು ಎಂದಳು. ದ್ರಾಕ್ಷಿಗೆ ಹೊಡೆಯುವ ಔಷಧದ ಡಬ್ಬಿಗಳನ್ನೆಲ್ಲ ಈಗಲೇ ಅವಳ ಅಣ್ಣನ ಮನೆಗೆ ಸಾಗಿಸಲು, ಗಂಡನನ್ನು ಒಬ್ಬನನ್ನೇ ಬಿಡದಿರಲು ಹೇಳಿ, ಯಾಸ್ಮೀನ್ ಜೊತೆ ಬಬಲೇಶ್ವರಕ್ಕೆ ಹೊರಟೆ. ಗಾಡಿಯಿಂದ ಇಳಿಯುವಾಗ ನನ್ನ ಮೈ ಒಂದು ಬದಿಗೆ ವಾಲಿತು. ಯಾಸ್ಮೀನ್ ತೋಳು ಹಿಡಿದಳು.

ಸಿದ್ದಪ್ಪ ಜಗಳ ಮಾಡಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದ.

“ಯುನಿಟ್ಟಿಗೆ ಗೊತ್ತಾದ್ರ ನನ್ನ ನೌಕರಿ ಏನಾಕ್ಕೈತ್ರಿ?”

ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಯುನಿಟ್ಟಿಗೆ ತಿಳಿಸಿಯೇ ರಜೆ ಕೇಳೋಣ, ಮುಚ್ಚಿಟ್ಟರೆ ಅವರೂ ನೆರವಾಗಲು ಬರುವುದಿಲ್ಲ ಎಂದೆ. ಅವನು ಎದ್ದು ಅಂಗಿ ಹಾಕಿಕೊಂಡು ಗಾಡಿ ಹತ್ತಿದ.

ಆಮೇಲಿನದು ಓಡಾಟ. ವಿಜಯಪುರದಲ್ಲಿ ಮನೋವೈದ್ಯರು, ಅಡ್ಮಿಷನ್, ಅವನ ಯುನಿಟ್ಟಿನ ಅಧಿಕಾರಿಯೊಂದಿಗೆ ಮೇಲಿಂದ ಮೇಲೆ ಮಾತು, ಕೊನೆಗೆ ಮಿಲಿಟರಿ ಆಸ್ಪತ್ರೆ. ಹೆಚ್ಚುಕಡಿಮೆ ಒಂದು ವಾರ ಹಿಡಿಯಿತು. ಅಷ್ಟೂ ದಿನ ನನ್ನ ಎಡಗಿವಿಯಲ್ಲಿ ಸ್ಟವ್ ಉರಿದಂಥ ಸದ್ದು. ನಾನು ಬಲಗಿವಿಯಿಂದ ಕೆಲಸ ಮಾಡಿದೆ.

ನನ್ನ ಗಂಡನೂ ಸೈನ್ಯದಲ್ಲಿದ್ದವರು. ಈಗ ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡ್. ಒಂದು ರಾತ್ರಿ ಊಟಕ್ಕೆ ನನ್ನ ಎಡಕ್ಕೆ ಕೂತು ಏನೋ ಕೇಳಿದರಂತೆ. ನಾನು ರೊಟ್ಟಿ ಮುರಿಯುತ್ತಲೇ ಇದ್ದೆನಂತೆ. ಮರುದಿನ ಅವರೇ ರಜೆ ಹಾಕಿ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಏನೂ ತುಂಬಿರಲಿಲ್ಲ. ಆಡಿಯೋಮೆಟ್ರಿ ಮಾಡಿಸಲು ಹೇಳಿದರು. ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ಬಲಗಿವಿಗೆ ಸರಾಗವಾಗಿ ಒತ್ತಿದೆ. ಎಡಗಿವಿಯ ಸರದಿಗಾಗಿ ಕಾದು ಕೂತೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆರೆದು, ಮುಗಿಯಿತು ಬನ್ನಿ ಎಂದಳು.

ಎಡಗಿವಿಯದು ಶುರುವಾಗಿದ್ದೇ ನನಗೆ ಗೊತ್ತಿರಲಿಲ್ಲ.

“ಒಳಗಿನ ನರಕ್ಕ ಪೆಟ್ಟಾಗೇತ್ರಿ,” ಎಂದರು ಡಾಕ್ಟರು. “ಕಾರಣ ಬಾಳ ಸಲ ಗೊತ್ತಾಗಂಗಿಲ್ಲ. ಮೊದಲನೇ ದಿನಾನ ಬಂದಿದ್ರ ಚಲೋ ಇತ್ತು.”

ಮೊದಲ ದಿನ ನಾನು ಬಬಲೇಶ್ವರದಲ್ಲಿದ್ದೆ. ಅವತ್ತು ಅಲ್ಲಿಗೆ ಹೋಗದೆ ಕಿವಿ ತೋರಿಸಬೇಕಿತ್ತೇ ಎಂಬ ಲೆಕ್ಕವನ್ನು ಈಗಲೂ ಕೆಲವೊಮ್ಮೆ ಹಾಕುತ್ತೇನೆ. ಬೇರೆ ಉತ್ತರ ಬರುವುದಿಲ್ಲ. ಬೇಗ ಹೋಗಿದ್ದರೂ ಕಿವಿ ಉಳಿಯುತ್ತಿತ್ತೆಂದು ಯಾರೂ ಖಾತ್ರಿ ಕೊಡಲಿಲ್ಲ.

ಸ್ಟೆರಾಯ್ಡ್ ಮಾತ್ರೆ ಶುರುವಾಯಿತು. ಆಮೇಲೆ ಕಿವಿಯ ತಮಟೆಯ ಮೂಲಕ ಇಂಜೆಕ್ಷನ್. ನರದ ಮೇಲೆ ಗಡ್ಡೆ ಇದೆಯೋ ಎಂದು ಎಂಆರ್‌ಐ. ಗಡ್ಡೆ ಇರಲಿಲ್ಲ. ಗಂಡ ಆಸ್ಪತ್ರೆಯ ಹೊರಗೆ ಚಹಾ ಕುಡಿಸಿದರು.

ಮಾತ್ರೆಗೆ ಮುಖ ಊದಿತು, ಶುಗರ್ ಏರಿತು, ನಿದ್ದೆ ಹೋಯಿತು. ಕಿವಿಯ ಸದ್ದು ಮಾತ್ರ ಹೋಗಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುವ ಕಡೆ ಕೂರಲು ಆಗುತ್ತಿರಲಿಲ್ಲ; ಮಾತು ಎತ್ತಲಿಂದ ಬರುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಕೇಂದ್ರಕ್ಕೆ ಹೋಗುವುದನ್ನು ಬಿಟ್ಟೆ. ಫೋನ್ ಸ್ವಿಚ್ ಆಫ್ ಮಾಡಿದೆ. ಗಂಡ ಹೊರಗೆ ಹೋದರೆ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದೆ.

ಯಾಸ್ಮೀನ್ ಒಂದು ಮಧ್ಯಾಹ್ನ ಮನೆಗೆ ಬಂದಳು. ಸಮಾಧಾನ ಹೇಳಲಿಲ್ಲ. ನಾನು ಎಷ್ಟೋ ಜನರಿಗೆ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದಳು. ನಿದ್ದೆ ಹೇಗಿದೆ, ಊಟ ಹೇಗಿದೆ, ಹಗಲು ಜೊತೆಗೆ ಯಾರಿರುತ್ತಾರೆ. ಮಾಮೂಲಿನಂತೆ ಉತ್ತರ ಕೊಡುತ್ತ ಹೋದೆ. ಆಮೇಲೆ ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು.

“ಅಕ್ಕಾ, ಜೀವಾ ಬ್ಯಾಡ ಅನಸೇತೇನು?”

ಆ ಪ್ರಶ್ನೆಯನ್ನು ಹೇಗೆ ಕೇಳಬೇಕು, ಕೇಳಿ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಅವಳಿಗೆ ಕಲಿಸಿದವಳು ನಾನು. ಅವಳು ಸುಮ್ಮನಿದ್ದಳು. ಇಲ್ಲ ಎನ್ನಲು ಬಾಯಿ ತೆರೆದೆ.

“ಒಮ್ಮೊಮ್ಮೆ,” ಎಂದೆ.

ಸಂಜೆ ಗಂಡನ ಎದುರು ಅದನ್ನೇ ಇನ್ನೊಮ್ಮೆ ಹೇಳಿದೆ, ಯಾಸ್ಮೀನ್ ಪಕ್ಕದಲ್ಲಿದ್ದಳು. ಅವರು ನನ್ನನ್ನು ಬೈಯಲಿಲ್ಲ. ಡ್ಯೂಟಿ ಬದಲಿಸಿಕೊಂಡು ಹಗಲು ಮನೆಯಲ್ಲಿದ್ದರು. ಡಾಕ್ಟರಿಗೆ ತಿಳಿಸಿದೆವು. ಅವರು ಸ್ಟೆರಾಯ್ಡಿನಿಂದಲೂ ಮನಸ್ಸು ಹೀಗಾಗಬಹುದೆಂದು ಹೇಳಿ, ಮಾತ್ರೆಯನ್ನು ನಿಧಾನವಾಗಿ ಇಳಿಸಿದರು. ನಾನು ಬೇರೊಬ್ಬ ಸಮಾಲೋಚಕಿಯ ಎದುರು ಕೂತು ಮಾತಾಡಲು ಶುರುಮಾಡಿದೆ. ಮೊದಲೆರಡು ಸಲ ಬರೀ ಕೇಂದ್ರದ ಕೆಲಸದ ಬಗ್ಗೆಯೇ ಹೇಳಿದೆ.

ನಿದ್ದೆ ಮೊದಲು ಬಂತು. ಆಮೇಲೆ ಹಸಿವೆ. ಕಿವಿ ಸ್ವಲ್ಪ ಬಂತು: ಲಾರಿಯ ಸದ್ದು, ಬಾಗಿಲು ಬಡಿದ ಸದ್ದು ಕೇಳುತ್ತವೆ. ಮಾತು ಕೇಳುವುದಿಲ್ಲ. ಇನ್ನು ಹೆಚ್ಚು ಸುಧಾರಿಸಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಸಿದ್ದಪ್ಪ ಈಗ ಯುನಿಟ್ಟಿನಲ್ಲಿ ಕಚೇರಿ ಕೆಲಸದಲ್ಲಿದ್ದಾನೆ, ಔಷಧ ನಡೆದಿದೆ. ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾನೆಂದು ರೇಣುಕಾ ಹೇಳಿದಳು.

ಕೆಲಸಕ್ಕೆ ಮರಳಿದ ಮೇಲೆ ಮೊದಲು ಹೋದದ್ದು ತಿಕೋಟಾಕ್ಕೆ. ಅಲ್ಲಿ ಸೈನಿಕರ ಮನೆಯ ಹೆಂಗಸರು ಆಗಾಗ ಒಂದೆಡೆ ಸೇರುತ್ತಾರೆ. ಎಲ್ಲರೂ ಜಮಖಾನದ ಮೇಲೆ ಸುತ್ತಲೂ ಕೂತಿದ್ದೆವು. ಇದ್ದಕ್ಕಿದ್ದಂತೆ ಎಲ್ಲರೂ ನನ್ನತ್ತ ನೋಡತೊಡಗಿದರು. ತಿರುಗಿ ನೋಡಿದೆ. ಎಡಕ್ಕೆ ಕೂತಿದ್ದ ಮುದುಕಿಯೊಬ್ಬಳು ಅಷ್ಟು ಹೊತ್ತು ಮಾತಾಡಿ ಮುಗಿಸಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಆಯಿ, ನಂಗ ಈ ಕಿವಿ ಕೇಳಂಗಿಲ್ರಿ,” ಎಂದೆ. ಹೊರಗಿನವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು.

ಅವಳು ಮೊಣಕಾಲು ಹಿಡಿದು ಎದ್ದು, ನನ್ನ ಹಿಂದಿನಿಂದ ಸುತ್ತಿ ಬಂದು, ಬಲಕ್ಕೆ ಒತ್ತಿಕೊಂಡು ಕೂತಳು.

“ಮೊದಲಿಂದ ಹೇಳ್ಲೇನವಾ?”

“ಹೂಂ. ಮೊದಲಿಂದ ಹೇಳ್ರಿ.”